ಕಣ್ಣಿನ ಕೆಳಗಣ ಸುಕ್ಕುಗಳು

ಮುಪ್ಪು ದಶರಥನ ಬಳಿಗೆ ಬಂದ ಬಗೆಯನ್ನು ಕಾಳಿದಾಸನು ರಘುವಂಶದಲ್ಲಿ ವರ್ಣಿಸಿರುವುದು ನಮ್ಮ ಓದುಗರಲ್ಲಿ ಕೆಲವರಿಗೆ ನೆನಪಿರಬಹುದು. ಅದು ನರೆಗೂದಲಿನ ವೇಷವನ್ನು ಧರಿಸಿ, ಕೈಕೇಯಿಗೆಲ್ಲಿ ಕೇಳಿಸೀತೋ ಎಂಬ ಶಂಕೆಯಿಂದಲೋ ಎಂಬಂತೆ ಅರಸನ ಕಿವಿಯ ಬಳಿಗೇ ಬಂದು, ರಾಜ್ಯವನ್ನು ರಾಮನಿಗೆ ಒಪ್ಪಿಸೆಂದು ಹೇಳಿತಂತೆ. ಸಾಮಾನ್ಯ ಗೃಹಸ್ಥರ ಮನೆಗಳಲ್ಲಿ ಮುಪ್ಪು ಇಷ್ಟು ಮರ್ಯಾದೆಯಿಂದ ನಡೆದುಕೊಳ್ಳುವುದಿಲ್ಲ. ಕಿವಿಯ ಬಳಿಗೆ ಬರುವುದಕ್ಕೆ ಎಷ್ಟೋ ಮೊದಲೇ ಅದು ಕಣ್ಣಿನ ಕೆಳಗೆ ಬಂದು ಕುಳಿತಿರುತ್ತದೆ. ನರೆಗಾದರೆ ಬಣ್ಣವುಂಟು, ಪೇಟವುಂಟು. ಕಣ್ಣಿನ ಕೆಳಗಣ ಸುಕ್ಕಿಗೆ ಮರೆ ಯಾವುದು?

ಈ ವಿಷಯವಾಗಿ ಬರೆಯಬೇಕೆಂದು ಸೋದರಿಯರು ಕೆಲವರು ಪತ್ರಮುಖೇನ ಕೇಳಿ ಆರು ತಿಂಗಳು ಮೀರಿತು. ಬದುಕಿಡೀ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರಿಗೆ ಇದರಲ್ಲಿ ಏನು ಅಧಿಕಾರವೆಂದು ನಾವು ಸುಮ್ಮನಿದ್ದೆವು. ಈಗ ಬರೆಯುವುದಕ್ಕೆ ಕಾರಣವು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ. ಅದರಲ್ಲಿ ನಮ್ಮ ತಪ್ಪೂ ಇರುವುದರಿಂದ ಅದನ್ನೇ ಮೊದಲು ಹೇಳಿಬಿಡುವುದು ಉಚಿತ.

ಕಳೆದ ವರ್ಷ ಮಾಘಮಾಸದಲ್ಲಿ ಬೀಗರು ನಮ್ಮಲ್ಲಿಗೆ ಬಂದಿದ್ದರು. ಊಟವಾಗಿ ತಾಂಬೂಲ ನಡೆಯುತ್ತಿದ್ದಾಗ ಸೊಸೆಯು ಮೊಬೈಲಿನಲ್ಲಿ ಹಬ್ಬದ ದಿನ ತೆಗೆದ ಚಿತ್ರಗಳನ್ನು ತೋರಿಸಿದಳು. ಅದರಲ್ಲಿ ನಾವೂ ನಮ್ಮ ಮನೆಯಾಕೆಯೂ ಒಟ್ಟಿಗೆ ಕುಳಿತ ಚಿತ್ರವೊಂದಿತ್ತು. ಅದನ್ನು ನೋಡಿ ನಾವು, “ವಲೀಪಲಿತವೆಂಬ ಸಮಾಸಕ್ಕೆ ಇನ್ನು ಪುಸ್ತಕದಲ್ಲಿ ಉದಾಹರಣೆ ಹುಡುಕಬೇಕಾದ್ದಿಲ್ಲ, ಪಲಿತ ನಮ್ಮದು, ವಲೀ ಇವಳದು” ಎಂದು ವಿನೋದ ಮಾಡಿದೆವು. ವಲೀ ಎಂದರೆ ಸುಕ್ಕು, ಪಲಿತವೆಂದರೆ ನರೆ. ಬೀಗರಿಗೆ ಅರ್ಥವನ್ನೂ ಬಿಡಿಸಿ ಹೇಳಿದೆವು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು.

ವೈಶಾಖದಲ್ಲಿ ನಮ್ಮ ತಂಗಿಯ ಮಗನ ಮದುವೆಯಿತ್ತು. ಅದಕ್ಕೆ ಮುಂಚಿತವಾಗಿ ಆಕೆಯು ಪಕ್ಕದ ಮನೆಯವರ ಮಾತು ಕೇಳಿ, ಪೇಟೆಯ ಅಂಗಡಿಯೊಂದರಿಂದ ಸಣ್ಣದೊಂದು ಡಬ್ಬಿಯನ್ನು ತರಿಸಿಕೊಂಡು, ಎರಡು ಹೊತ್ತೂ ಕೆಳರೆಪ್ಪೆಯ ಅಂಚಿನವರೆಗೆ ಹಚ್ಚಿಕೊಳ್ಳತೊಡಗಿದಳು. ಹದಿನೈದು ದಿನಗಳಲ್ಲಿ ಮುಖವು ನುಣುಪಾಯಿತು, ಹೊಳಪೂ ಬಂತು. ಮದುವೆಯ ಮನೆಯಲ್ಲಿ ನಾಲ್ಕು ಜನ ಹೊಗಳಿದರು. ಆದ್ದರಿಂದ ಮದುವೆ ಮುಗಿದ ಮೇಲೂ ಡಬ್ಬಿ ಮುಗಿಯಲಿಲ್ಲ. ಒಂದಾದ ಮೇಲೊಂದು ಬಂದವು. ನಾಲ್ಕನೆಯ ತಿಂಗಳಿನಲ್ಲಿ, ಒಂದು ದಿನ ಹಚ್ಚದಿದ್ದರೆ ಉರಿ, ತುರಿ. ಕಣ್ಣಿನ ಕೆಳಗೆ ಕೆಂಪು ನೂಲಿನಂತಹ ಸಣ್ಣ ರಕ್ತನಾಳಗಳು ಕಾಣಿಸಿಕೊಂಡವು. ಚರ್ಮವು ಈರುಳ್ಳಿಯ ಒಳಸಿಪ್ಪೆಯಂತೆ ತೆಳುವಾಗಿ, ಮೊದಲು ಎರಡು ಗೆರೆಗಳಿದ್ದ ಕಡೆಯಲ್ಲಿ ನಾಲ್ಕಾರು ಗೆರೆಗಳು ಎದ್ದವು.

ಓದುವ ಕನ್ನಡಕವನ್ನು ಬದಲಾಯಿಸಬೇಕೆಂದು ಕಣ್ಣಿನ ವೈದ್ಯರ ಬಳಿಗೆ ಹೋದಾಗ ಅವರು ಕಣ್ಣಿನ ಒಳಗಣ ಒತ್ತಡವನ್ನು ಅಳೆದರು. 21ಕ್ಕಿಂತ ಮೀರಬಾರದಾದದ್ದು ಎರಡು ಕಣ್ಣುಗಳಲ್ಲಿಯೂ 30ರ ಮೇಲಿತ್ತು. ನೋವಿಲ್ಲ, ಕೆಂಪಿಲ್ಲ, ದೃಷ್ಟಿಯಲ್ಲಿ ಆಕೆಗೆ ತಿಳಿದಂತೆ ಕುಂದೂ ಇಲ್ಲ. “ಮುಖಕ್ಕೆ ಏನಾದರೂ ಹಚ್ಚಿಕೊಳ್ಳುತ್ತೀರಾ ತಾಯಿ?” ಎಂದು ವೈದ್ಯರು ಕೇಳಿದರು. ಆಕೆ ಕೈಚೀಲದಿಂದ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಒಳಗಿರುವ ವಸ್ತುಗಳ ಪಟ್ಟಿಯೇ ಇರಲಿಲ್ಲ. ಇದರಲ್ಲಿ ಸ್ಟೀರಾಯ್ಡ್ ಸೇರಿರುವುದರಲ್ಲಿ ತಮಗೆ ಸಂದೇಹವಿಲ್ಲವೆಂದೂ, ಹೀಗೆಯೇ ಬಿಟ್ಟಿದ್ದರೆ ಗ್ಲಾಕೋಮಾ ಬೇರೂರಿ, ಒಮ್ಮೆ ಹೋದ ದೃಷ್ಟಿಯು ಮರಳಿ ಬರುತ್ತಿರಲಿಲ್ಲವೆಂದೂ ವೈದ್ಯರು ಹೇಳಿದರು. ಚರ್ಮವೈದ್ಯರ ಸಲಹೆಯಂತೆ ಲೇಪವನ್ನು ನಿಲ್ಲಿಸಿ, ಕಣ್ಣಿಗೆ ಹನಿಗಳನ್ನು ಹಾಕಿದ ಮೇಲೆ ಕೆಲವು ವಾರಗಳಲ್ಲಿ ಒತ್ತಡವು ಇಳಿಯಿತು. ನರಕ್ಕೆ ಹಾನಿಯಾಗಿಲ್ಲವೆಂದು ಹೇಳಿರುತ್ತಾರೆ. ಆದರೂ ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು.

ಆ ದಿನ ಹಿಂದಿರುಗುವಾಗ ನಾವು, “ನಮ್ಮ ಆ ಮಾತು ನಿನಗೆ ಅಷ್ಟು ನಾಟಿತೆಂದು ತಿಳಿಯಲಿಲ್ಲ, ನೀನೂ ನಕ್ಕೆಯಲ್ಲ” ಎಂದೆವು. ಆಕೆ, “ಎಲ್ಲರೂ ನಗುತ್ತಿರುವಾಗ ಇನ್ನೇನು ಮಾಡಲಿ? ನೀವೇ ಹೇಳಿ” ಎಂದಳು. ನಮಗೆ ಉತ್ತರ ತೋಚಲಿಲ್ಲ. ಆ ಮೇಲೆ ಈ ವಿಷಯವನ್ನು ತಿಳಿದವರಿಂದ ಕೇಳಿಯೂ ಓದಿಯೂ ನಾವು ಸಂಗ್ರಹಿಸಿದ್ದನ್ನು ಇಲ್ಲಿ ಬರೆಯುತ್ತೇವೆ.

ಕಣ್ಣಿನ ಸುತ್ತಣ ಚರ್ಮವು ಶರೀರದಲ್ಲೆಲ್ಲ ಅತ್ಯಂತ ತೆಳುವಾದದ್ದು. ಅದರ ದಪ್ಪವು ಹೆಚ್ಚೆಂದರೆ ಅರ್ಧ ಮಿಲಿಮೀಟರು, ಅಂದರೆ ಶಾಲೆಯ ನೋಟುಪುಸ್ತಕದ ಐದಾರು ಹಾಳೆಗಳನ್ನು ಒತ್ತಿ ಹಿಡಿದರೆ ಎಷ್ಟೋ ಅಷ್ಟು. ಜಿಡ್ಡನ್ನು ಒಸರುವ ಗ್ರಂಥಿಗಳು ಅಲ್ಲಿ ಕಡಮೆ; ಕೆಳಗೆ ಹಾಸಿಗೆಯಂತೆ ಇರಬೇಕಾದ ಕೊಬ್ಬೂ ಇಲ್ಲವೆನ್ನುವಷ್ಟು ಕಡಮೆ. ಚರ್ಮದ ಅಡಿಯಲ್ಲಿ ಕಣ್ಣನ್ನು ಬಳೆಯಂತೆ ಸುತ್ತಿದ ಒಂದು ಸ್ನಾಯುವಿದೆ. ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆಂದು ಲೆಕ್ಕವಿಟ್ಟರೂ, ಎಚ್ಚರವಾಗಿರುವ ಹೊತ್ತಿನಲ್ಲಿ ದಿನಕ್ಕೆ 14,000 ಸಲ ಆ ಸ್ನಾಯುವು ಕುಗ್ಗಿ ಹಿಗ್ಗುವುದು. ನಗುವುದು, ಅಳುವುದು, ಬಿಸಿಲಿಗೆ ಕಣ್ಣು ಕಿರಿದು ಮಾಡುವುದು ಬೇರೆ. ಚರ್ಮದೊಳಗೆ ಕೊಲಾಜೆನ್ ಮತ್ತು ಎಲಾಸ್ಟಿನ್ ಎಂಬ ಎಳೆಗಳು ಚಾಪೆಯಂತೆ ಹೆಣೆದುಕೊಂಡಿರುವ ತನಕ ಪ್ರತಿ ಸಲವೂ ಮಡಿಕೆಯು ಬಿಚ್ಚಿಕೊಳ್ಳುತ್ತದೆ. ಎಳೆಗಳು ಸವೆದ ಮೇಲೆ, ಪೆಟ್ಟಿಗೆಯಲ್ಲಿ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ಪಂಚೆಯಂತೆ, ಗೆರೆಯು ನಿಂತುಬಿಡುತ್ತದೆ. ಕವಿಗಳು ಅಪಾಂಗವೆಂದು ಕೊಂಡಾಡಿದ ಕಡೆಗಣ್ಣಿನಲ್ಲಿಯೇ ಇದು ಮೊದಲು ಆಗುವುದೆಂಬುದನ್ನು ಅವರಾರೂ ಹೇಳಲಿಲ್ಲ.

ಎಳೆಗಳು ವಯಸ್ಸಿನಿಂದ ಸವೆಯುವುದು ನಿಜವೇ. ಆದರೆ ಅದನ್ನು ಅಕಾಲದಲ್ಲಿ ಸವೆಯಿಸುವ ಮುಖ್ಯ ಕಾರಣವು ಬಿಸಿಲು. ಇದಕ್ಕೆ ಸಾಕ್ಷಿಯಾಗಿ ಒಂದು ವಿಚಿತ್ರ ಚಿತ್ರವು 2012ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. 28 ವರ್ಷ ಸರಕಿನ ಲಾರಿಯನ್ನು ನಡೆಸಿದ 69 ವಯಸ್ಸಿನ ಒಬ್ಬಾತನ ಮುಖವದು. ಬಲಗೆನ್ನೆಯನ್ನು ನೋಡಿದರೆ ಅವನ ವಯಸ್ಸಿಗೆ ತಕ್ಕಂತಿದೆ. ಎಡಗೆನ್ನೆಯೂ ಎಡಗಣ್ಣಿನ ಕೆಳಭಾಗವೂ ದಪ್ಪದಪ್ಪನಾದ ಮಡಿಕೆಗಳಾಗಿ ಜೋತಿವೆ. ಆ ದೇಶದಲ್ಲಿ ಚಾಲಕನು ಎಡಗಡೆಯ ಕಿಟಕಿಯ ಬಳಿ ಕುಳಿತುಕೊಳ್ಳುತ್ತಾನೆ. ಸುಡುವ ಕಿರಣಗಳನ್ನು ಗಾಜು ಬಹುಮಟ್ಟಿಗೆ ತಡೆಯುತ್ತದೆ. ಚರ್ಮದ ಆಳಕ್ಕೆ ಇಳಿದು ಎಳೆಗಳನ್ನು ಕೆಡಿಸುವ, ಎ ವರ್ಗದ ನೇರಳಾತೀತ ಕಿರಣಗಳನ್ನು ಅದು ತಡೆಯುವುದಿಲ್ಲ. ಬಲಗಡೆಯಲ್ಲಿ ಕುಳಿತು ಬಸ್ಸು ಲಾರಿಗಳನ್ನು ನಡೆಸುವ ನಮ್ಮವರು ಬಲಗೆನ್ನೆಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಬಹುದು. ಮನೆಯೊಳಗೆ ಕಿಟಕಿಯ ಪಕ್ಕದಲ್ಲಿ ದಿನವೂ ಹೊಲಿಗೆಯ ಯಂತ್ರವನ್ನಿಟ್ಟುಕೊಂಡು ಕೂರುವವರಿಗೂ ಇದು ಅನ್ವಯಿಸುವುದು.

ಬಿಸಿಲನ್ನು ತಡೆದರೆ ಪ್ರಯೋಜನವುಂಟೆ ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ನಂಬೂರ್ ಎಂಬ ಊರಿನ ಪರೀಕ್ಷೆಯು ಉತ್ತರ ಹೇಳುತ್ತದೆ. 1992ರಿಂದ 1996ರವರೆಗೆ ಅಲ್ಲಿನ ಜನರಲ್ಲಿ ಚೀಟಿಯೆತ್ತಿದಂತೆ ಕೆಲವರನ್ನು ಆರಿಸಿ, ಪ್ರತಿದಿನವೂ ತಪ್ಪದೆ ಸನ್‌ಸ್ಕ್ರೀನ್ ಲೇಪವನ್ನು ಹಚ್ಚಿಕೊಳ್ಳಿರೆಂದರು. ಉಳಿದವರಿಗೆ ತಮ್ಮಿಚ್ಛೆಯಂತೆ ನಡೆದುಕೊಳ್ಳಲು ಬಿಟ್ಟರು. ಅವರಲ್ಲಿ 55 ವಯಸ್ಸಿಗೆ ಒಳಗಿನ 903 ಜನರ ಕೈಯ ಹಿಂಬದಿಯ ಚರ್ಮವನ್ನು ಅಚ್ಚು ತೆಗೆದು ಹೋಲಿಸಿದ ಫಲಿತಾಂಶವು 2013ರಲ್ಲಿ ಪ್ರಕಟವಾಯಿತು. ದಿನವೂ ಹಚ್ಚಿಕೊಂಡವರಲ್ಲಿ ಚರ್ಮದ ಮುಪ್ಪು ಶೇಕಡ 24ರಷ್ಟು ಕಡಮೆಯಿತ್ತು. ಅದೇ ಪರೀಕ್ಷೆಯಲ್ಲಿ ಬೀಟಾ ಕೆರೋಟೀನ್ ಮಾತ್ರೆಗಳನ್ನು ನುಂಗಿದವರಿಗೆ ಏನೂ ಗುಣ ಕಾಣಲಿಲ್ಲ. ಗಜ್ಜರಿಯನ್ನು ಪಲ್ಯ ಮಾಡಿ ಉಣ್ಣಿರಿ. ಅದನ್ನು ಮಾತ್ರೆ ಮಾಡಿ ಮಾರುವವರಿಗೆ ಸುಕ್ಕಿನ ಹೆಸರಿನಲ್ಲಿ ಹಣ ತೆರಬೇಕಾದ್ದಿಲ್ಲ.

ಇದೆಲ್ಲವನ್ನು ಓದುತ್ತಿದ್ದಾಗ ನಮಗೆ ವಾಗ್ಭಟನ ದಿನಚರ್ಯೆಯು ನೆನಪಿಗೆ ಬಂದಿತು. ಹೊರಗೆ ತಿರುಗುವವನು ಕೊಡೆಯನ್ನೂ ಪಾದರಕ್ಷೆಯನ್ನೂ ಧರಿಸಿ, ನೊಗದಷ್ಟು ದೂರ ಮುಂದೆ ನೋಡುತ್ತ ನಡೆಯಬೇಕೆಂದು ಅವನ ವಿಧಿ. ಚರಕನೂ ಕೊಡೆಯ ಗುಣಗಳನ್ನು ಎಣಿಸಿದ್ದಾನೆ. ಈ ಪಾಠವನ್ನು ಮೂವತ್ತು ವರ್ಷ ಹೇಳಿಯೂ ನಾವು ಮಳೆಗಾಲದ ಹೊರತು ಕೊಡೆಯನ್ನು ಮುಟ್ಟಿದವರಲ್ಲ. ಬಿಸಿಲಿಗೆ ಕೊಡೆ ಹಿಡಿಯುವುದು ಗಂಡಸಿಗೆ ನಾಚಿಕೆಯೆಂದೂ, ಹೆಂಗಸಿಗೆ ಬೆಡಗೆಂದೂ ಭಾವಿಸುವ ದುರಭ್ಯಾಸವು ನಮ್ಮ ಬೀದಿಗಳಲ್ಲಿ ಹೇಗೆ ನೆಲಸಿತೋ ಕಾಣೆವು. ಗದ್ದೆಯಲ್ಲಿ ಗೊರಬು ಹೊದೆಯುವವರಿಗೂ ಮುಟ್ಟಾಳೆ ಇಡುವವರಿಗೂ ಅಂತಹ ನಾಚಿಕೆಯೇನೂ ಇಲ್ಲ.

ಆದ್ದರಿಂದ ಮೊದಲ ಉಪಾಯವು ನೆರಳು. ಬೆಳಗಿನ ಹತ್ತರಿಂದ ಸಂಜೆಯ ನಾಲ್ಕರವರೆಗೆ ಹೊರಗೆ ಹೋಗಬೇಕಾದರೆ ಕೊಡೆ, ಇಲ್ಲವೆ ಅಗಲವಾದ ಅಂಚಿನ ಟೋಪಿ. ನೇರಳಾತೀತ ಕಿರಣಗಳನ್ನು ತಡೆಯುವ ತಂಪು ಕನ್ನಡಕವಿದ್ದರೆ ಕಣ್ಣು ಕಿರಿದು ಮಾಡುವುದೂ ತಪ್ಪುವುದು. ಸನ್‌ಸ್ಕ್ರೀನ್ ಕೊಳ್ಳುವವರು ಎಸ್.ಪಿ.ಎಫ್. 30 ಅಥವಾ ಅದಕ್ಕಿಂತ ಹೆಚ್ಚಿನದನ್ನು, ಬ್ರಾಡ್ ಸ್ಪೆಕ್ಟ್ರಮ್ ಎಂದು ಬರೆದಿರುವುದನ್ನು ಆರಿಸಬೇಕು. ಎಸ್.ಪಿ.ಎಫ್. ಎಂಬ ಅಂಕೆಯು ಮುಖ್ಯವಾಗಿ ಸುಡುವ ಕಿರಣಗಳ ಅಳತೆ; ಆಳಕ್ಕಿಳಿಯುವ ಕಿರಣಗಳ ಮಾತು ಬ್ರಾಡ್ ಸ್ಪೆಕ್ಟ್ರಮ್ ಎಂಬ ಶಬ್ದದಲ್ಲಿದೆ. ಕಣ್ಣಿನ ಬಳಿಗೆ ಜಿಂಕ್ ಆಕ್ಸೈಡ್ ಇರುವ ಲೇಪವು ಇತರ ಲೇಪಗಳಿಗಿಂತ ಕಡಮೆ ಉರಿಯುತ್ತದೆ. ಮುಖಕ್ಕೂ ಕುತ್ತಿಗೆಗೂ ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಬೇಕು. ವಿಭೂತಿಯಂತೆ ಸೋಕಿಸಿದರೆ ಸಾಲದು. ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳಬೇಕು. ಇದಕ್ಕೆ ಹಣವಿಲ್ಲದವರು ಕೊಡೆಯೊಂದನ್ನೇ ನಂಬಿದರೂ ನಷ್ಟವಿಲ್ಲ.

ಬಿಸಿಲಿನ ತರುವಾಯದ ಶತ್ರು ತಂಬಾಕಿನ ಹೊಗೆ. ಬೀಡಿ ಸಿಗರೇಟುಗಳು ಚರ್ಮದ ರಕ್ತನಾಳಗಳನ್ನು ಕಿರಿದಾಗಿಸಿ ಎಳೆಗಳನ್ನು ಕೆಡಿಸುವುವು. ಈ ಮಾತು ಪ್ರಾಯಶಃ ಗಂಡಸರಿಗೆ.

ಉಜ್ಜುವುದು ಇನ್ನೊಂದು. ರಾತ್ರಿ ಕಾಡಿಗೆಯನ್ನು ಸೆರಗಿನ ತುದಿಯಿಂದ ಒರೆಸಿ ತೆಗೆಯುವ ಅಭ್ಯಾಸವನ್ನು ಬಿಟ್ಟು, ಹತ್ತಿಗೆ ಎರಡು ಹನಿ ಕೊಬ್ಬರಿಯೆಣ್ಣೆಯನ್ನು ಹಾಕಿ ಮೆಲ್ಲಗೆ ಒತ್ತಿ ತೆಗೆಯಬೇಕು. ಕಾಡಿಗೆಯ ಮಾತು ಬಂದುದರಿಂದ ಹೇಳುತ್ತೇವೆ: ಅಂಗಡಿಗಳಲ್ಲಿ ಸುರ್ಮಾ ಎಂದು ಮಾರುವ ಪುಡಿಯಲ್ಲಿ ಎಷ್ಟೋ ಸಲ ಸೀಸವಿರುತ್ತದೆ. ಅಂಜನವು ಶಾಸ್ತ್ರೋಕ್ತವೆಂಬ ಕಾರಣದಿಂದ ಅದನ್ನು ಎಳೆಯ ಮಕ್ಕಳ ಕಣ್ಣಿಗೆ ಹಚ್ಚಕೂಡದು. ನಲವತ್ತು ದಾಟಿದವರು ಕನ್ನಡಕಕ್ಕೆ ನಾಚಿ, ಪಂಚಾಂಗವನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿ ಓದುವುದುಂಟು. ಹಾಗೆ ಓದಿ ಗೆರೆಗಳನ್ನು ಬೆಳೆಸುವುದಕ್ಕಿಂತ ಕನ್ನಡಕವು ಮುಖಕ್ಕೆ ಶೋಭೆ.

ಕಣ್ಣಿನ ಕೆಳಗೆ ಕಾಣುವುದೆಲ್ಲವೂ ಸುಕ್ಕಲ್ಲ. ಇದನ್ನು ಗೃಹಿಣಿಯರು ಚೆನ್ನಾಗಿ ತಿಳಿದಿರಬೇಕು. ಬೆಳಿಗ್ಗೆ ಏಳುವಾಗ ಮಗುವಿನ ಕಣ್ಣುಗಳ ಸುತ್ತ ಊದಿಕೊಂಡಿದ್ದು, ಮೂತ್ರವು ನೊರೆನೊರೆಯಾಗಿ ಹೋಗುತ್ತಿದ್ದರೆ, ದೃಷ್ಟಿಯಾಯಿತೆಂದು ಮೆಣಸಿನಕಾಯಿ ಸುಳಿಯುತ್ತ ಕೂರದೆ ಅಂದೇ ವೈದ್ಯರ ಬಳಿಗೆ ಒಯ್ಯಬೇಕು. ಅದು ಮೂತ್ರಪಿಂಡದ ರೋಗದ ಲಕ್ಷಣವಾಗಿರಬಹುದು. ದೊಡ್ಡವರಲ್ಲಿ ಥೈರಾಯ್ಡ್ ಗ್ರಂಥಿಯ ಕೊರತೆಯಿಂದಲೂ ಊತ ಬರುವುದುಂಟು. ಮಗುವಿನ ಕೆಳರೆಪ್ಪೆಯ ಅಡಿಯಲ್ಲಿ ಗೆರೆಯಿದ್ದು, ಅದು ಸದಾ ಕಣ್ಣುಜ್ಜುತ್ತಿದ್ದರೆ ಅಲರ್ಜಿಯಿರಬಹುದು. ಮೂಗಿನ ಕಡೆಯ ಮೂಲೆಯಲ್ಲಿ ಹಳದಿಯಾದ ಚಪ್ಪಟೆ ಗಂಟು ಕಾಣಿಸಿಕೊಂಡವರು ರಕ್ತದ ಕೊಬ್ಬನ್ನು ಪರೀಕ್ಷೆ ಮಾಡಿಸಬೇಕು. ಇನ್ನು ಕಪ್ಪು ವರ್ತುಲಗಳು ನಮ್ಮ ಜನರಲ್ಲಿ ಬಹಳ ಮಟ್ಟಿಗೆ ವಂಶದಿಂದಲೇ ಬಂದವು. ತಾಯಿಗೂ ಅಜ್ಜಿಗೂ ಇದ್ದುದು ಮಗಳಿಗೆ ಬಂದರೆ ಅವಳಿಗೆ ನಿದ್ದೆಯಿಲ್ಲವೆಂದು ಗದರಿಸಿ ಫಲವಿಲ್ಲ.

ಬಂದ ಸುಕ್ಕಿಗೆ ಚಿಕಿತ್ಸೆಯುಂಟೆ? ಸ್ವಲ್ಪ ಮಟ್ಟಿಗೆ ಉಂಟು. ಚರ್ಮವು ಒಣಗಿದಾಗ ಸಣ್ಣ ಗೆರೆಗಳು ಎದ್ದು ಕಾಣುವುವು. ಸುವಾಸನೆಯಿಲ್ಲದ ಸಾಧಾರಣ ಮಾಯಿಶ್ಚರೈಸರನ್ನು ಮುಖ ತೊಳೆದ ಕೂಡಲೆ ಹಚ್ಚಿದರೆ ಅವು ಆ ಹೊತ್ತಿಗೆ ಅಡಗುವುವು. ಅದಕ್ಕೆ ಹೆಚ್ಚಿನ ಬೆಲೆಯ ಡಬ್ಬಿ ಬೇಕಿಲ್ಲ. ಗೆರೆಯನ್ನು ನಿಜವಾಗಿ ಕಡಮೆ ಮಾಡುವುದೆಂದು ಚೆನ್ನಾಗಿ ಪರೀಕ್ಷಿತವಾದ ಲೇಪವೆಂದರೆ ಎ ಜೀವಸತ್ವದ ವರ್ಗಕ್ಕೆ ಸೇರಿದ ಟ್ರೆಟಿನಾಯಿನ್. ಅದನ್ನು ಮೊಡವೆಗಳಿಗೆ ಕೊಡುತ್ತಿದ್ದಾಗ ಸುಕ್ಕುಗಳೂ ನಯವಾಗುವುದನ್ನು ಕಂಡು, ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಚರ್ಮವೈದ್ಯನು 1986ರಲ್ಲಿ ಅದನ್ನು ಪ್ರಕಟಿಸಿದನು. (ಈತನೇ 1951ರಿಂದ 1974ರವರೆಗೆ ಆ ಊರಿನ ಸೆರೆಮನೆಯ ಕೈದಿಗಳ ಚರ್ಮದ ಮೇಲೆ ಪ್ರಯೋಗಗಳನ್ನು ನಡೆಸಿ ಅಪಕೀರ್ತಿಯನ್ನೂ ಪಡೆದನು. ವಿದ್ಯೆಗೂ ಕರುಣೆಗೂ ನಂಟು ತಾನಾಗಿ ಬರುವುದಿಲ್ಲವಷ್ಟೆ.) ಈ ಲೇಪವು ಮೊದಮೊದಲು ಉರಿಯನ್ನೂ ಸಿಪ್ಪೆಯನ್ನೂ ಎಬ್ಬಿಸುವುದರಿಂದ ಕಣ್ಣಿನ ಬಳಿ ವೈದ್ಯರನ್ನು ಕೇಳದೆ ಹಚ್ಚತಕ್ಕದ್ದಲ್ಲ. ಗರ್ಭಿಣಿಯರಿಗೆ ಸರ್ವಥಾ ಕೂಡದು. ಗುಣ ಕಾಣಲು ತಿಂಗಳುಗಳೇ ಬೇಕು. ಹದಿನೈದು ದಿನಗಳಲ್ಲಿ ಗುಣ ತೋರಿಸುವ ಲೇಪವನ್ನು ಕಂಡರೆ ನಾವು ಈಗ ಬೆದರುತ್ತೇವೆ.

ಸೂಜಿಯ ಚಿಕಿತ್ಸೆಯನ್ನು ಕುರಿತೂ ಕೇಳಿದ್ದಾರೆ. ಬೊಟುಲಿನಮ್ ಎಂಬ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ ಸ್ನಾಯುವನ್ನು ಸಡಿಲಿಸುವುದೇ ಅದರ ತಿರುಳು. ಕೆನಡಾ ದೇಶದ ಕ್ಯಾರದರ್ಸ್ ದಂಪತಿಗಳಲ್ಲಿ ಪತ್ನಿಯು ನೇತ್ರವೈದ್ಯೆ, ಪತಿಯು ಚರ್ಮವೈದ್ಯ. ರೆಪ್ಪೆಯ ಸೆಳೆತಕ್ಕೆ ಮದ್ದು ಕೊಡುತ್ತಿದ್ದಾಗ ಹುಬ್ಬಿನ ನಡುವಣ ಗೆರೆಯು ಮಾಯವಾದುದನ್ನು ಪತ್ನಿಯು ಗಮನಿಸಿದ್ದರಿಂದ, 1992ರಲ್ಲಿ ಇಬ್ಬರೂ ಸೇರಿ ಅದನ್ನು ಬರೆದರು. ಕಡೆಗಣ್ಣಿನ ಗೆರೆಗಳಿಗೆ ಇದು ಕೆಲಸ ಮಾಡುವುದು. ಆದರೆ ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಚುಚ್ಚಿಸಿಕೊಳ್ಳಬೇಕು. ನೇರ ಕೆಳರೆಪ್ಪೆಯಲ್ಲಿ ಕೈತಪ್ಪಿದರೆ ರೆಪ್ಪೆಯು ಜೋಲುವ ಭಯವುಂಟು. ಲೇಸರ್ ಕಿರಣಗಳಿಂದಲೂ ರಾಸಾಯನಿಕಗಳಿಂದಲೂ ಚರ್ಮವನ್ನು ಸುಲಿಯುವ ವಿಧಾನಗಳು ನಮ್ಮಂತಹ ಕಂದುಮೈಯವರಲ್ಲಿ ಕಪ್ಪು ಕಲೆಯನ್ನು ಉಳಿಸಿಬಿಡಬಹುದು. ಅನುಭವಸ್ಥರಾದ ಚರ್ಮವೈದ್ಯರ ಕೈಯಲ್ಲಲ್ಲದೆ ಬೇರೆಯವರಲ್ಲಿಗೆ ಹೋಗಕೂಡದು.

ಮನೆಮದ್ದುಗಳಲ್ಲಿ ಸೌತೆಕಾಯಿಯ ಬಿಲ್ಲೆಯು ತಂಪು ಕೊಟ್ಟು ಬೆಳಗಿನ ಊತವನ್ನು ಇಳಿಸುವುದು, ಗೆರೆಯನ್ನು ಅಳಿಸದು. ಬಾದಾಮಿಯ ಎಣ್ಣೆಯೂ ಹಾಲಿನ ಕೆನೆಯೂ ಚರ್ಮವನ್ನು ಮೆದುವಾಗಿಸುವುವು, ಅಷ್ಟೇ. ನಿಂಬೆಯ ರಸವನ್ನು ಮಾತ್ರ ಕಣ್ಣಿನ ಹತ್ತಿರಕ್ಕೂ ತರಬೇಡಿರಿ. ಅಭ್ಯಂಗವು ಜರೆಯನ್ನು ಹರಿಸುವುದೆಂದು ವಾಗ್ಭಟನು ಹೇಳಿರುವುದನ್ನು ಹಿಡಿದು ಕೆಲವರು ಕೆಳರೆಪ್ಪೆಯನ್ನು ಬಲವಾಗಿ ತಿಕ್ಕಿ ಎಳೆಯುತ್ತಾರೆ. ಎಣ್ಣೆ ನೀರು ಮೈಗೆ ಹಿತವೇ. ಅಲ್ಲಿ ಮಾತ್ರ ಉಂಗುರದ ಬೆರಳಿನಿಂದ ಸೋಕಿಸಿದರೆ ಸಾಕು.

ಇನ್ನು ನಮ್ಮ ಮನೆಗೆ ಬಂದಂತಹ ಡಬ್ಬಿಗಳ ಮಾತು. ಸ್ಟೀರಾಯ್ಡ್ ಎಂಬುದು ಒಳ್ಳೆಯ ಔಷಧವೇ. ಇಸುಬಿನಂತಹ ರೋಗಗಳಿಗೆ ಅದನ್ನು ಕೆಲವು ದಿನಗಳ ಮಟ್ಟಿಗೆ ವೈದ್ಯರು ಕೊಡುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಅದು ಚರ್ಮವನ್ನು ಸವೆಸುತ್ತದೆ. ರೆಪ್ಪೆಯ ಮೂಲಕ ಕಣ್ಣಿಗೆ ಇಳಿದು ಒತ್ತಡವನ್ನು ಏರಿಸುತ್ತದೆ, ಪೊರೆಯನ್ನೂ ತರಬಲ್ಲುದು. ಇಂತಹ 14 ಸ್ಟೀರಾಯ್ಡ್‌ಗಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರ್ಕಾರವು 2018ರಲ್ಲಿಯೇ ವಿಧಿಸಿದೆ. ಆದರೂ ಹೆಸರಿಲ್ಲದ ಡಬ್ಬಿಗಳು ನಿಂತಿಲ್ಲ. ಬಿಳುಪಿನ ಲೇಪಗಳಲ್ಲಿ ಕೆಲವುಗಳಿಗೆ ಪಾದರಸವನ್ನು ಸೇರಿಸುತ್ತಾರೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ವರೆಗೆ ಮೂತ್ರಪಿಂಡದ ಒಂದು ವಿರಳ ರೋಗದಿಂದ ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಜನರು ಅಂತಹ ಲೇಪಗಳನ್ನು ಬಳಸಿದವರೆಂದು ವೈದ್ಯರು ಕಂಡುಹಿಡಿದರು. ಡಬ್ಬಿಯ ಮೇಲೆ ತಯಾರಕರ ವಿಳಾಸ, ಲೈಸೆನ್ಸಿನ ಸಂಖ್ಯೆ, ವಸ್ತುಗಳ ಪಟ್ಟಿ ಇಲ್ಲದಿದ್ದರೆ ಮನೆಯೊಳಕ್ಕೆ ತರಬಾರದು. ಪಟ್ಟಿಯಲ್ಲಿ ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯತಕ್ಕದ್ದು. ಈಗಾಗಲೆ ಬಹುದಿನಗಳಿಂದ ಹಚ್ಚುತ್ತಿರುವವರು ಹೆದರಿ ಒಮ್ಮೆಗೇ ಬಿಸಾಡದೆ, ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಚರ್ಮವೈದ್ಯರನ್ನು ಕೂಡಲೆ ಕಾಣಲಿ. ಕಣ್ಣಿನ ಒತ್ತಡವನ್ನೂ ಅಳೆಯಿಸಲಿ.

ಈ ಲೇಖನವನ್ನು ಅಂಚೆಗೆ ಹಾಕುವ ಮುನ್ನ ಮನೆಯಾಕೆಗೆ ಓದಿ ಹೇಳಿದೆವು. ಬೀಗರ ಮುಂದಣ ಮಾತನ್ನು ಬರೆದುದಕ್ಕೆ ಆಕೆಯು ಬೇಡವೆನ್ನಲಿಲ್ಲ. ಕೊಡೆಯ ಮಾತು ಬಂದಾಗ ಮಾತ್ರ, “ಬರೆದವರು ನಾಳೆಯಿಂದ ತರಕಾರಿಗೆ ಹೋಗುವಾಗ ಹಿಡಿದುಕೊಂಡು ಹೋಗುತ್ತಾರೇನು?” ಎಂದು ಕೇಳಿದಳು. ಹಿಡಿದುಕೊಂಡು ಹೋಗಿ ಬಂದೆವು. ತರಕಾರಿಯ ಚೀಲವೊಂದು ಕೈಯಲ್ಲಿ, ಕೊಡೆಯೊಂದು ಕೈಯಲ್ಲಿ. ಚಿಲ್ಲರೆ ಕೊಡುವಾಗ ಸ್ವಲ್ಪ ಕಷ್ಟವಾಯಿತು.